ಬಲಗಡೆಯ ಮಡಕೆ

ನಂಜನಗೂಡಿನ ನಮ್ಮ ಮನೆಯ ನಡುಗೋಡೆ ಸೂರು ಮುಟ್ಟಿರಲಿಲ್ಲ. ಒಂದು ಕಾಲಕ್ಕೆ ಒಂದೇ ಸಂಸಾರ ಬಾಳಿದ್ದ ಹೆಂಚಿನ ಮನೆ ಅದು. ಎರಡು ಬಾಡಿಗೆ ಬರಲಿ ಎಂದು ಮಾಲೀಕರು ನಟ್ಟನಡುವೆ ಇಟ್ಟಿಗೆಯ ಗೋಡೆ ಎಬ್ಬಿಸಿ, ಅದು ಆಳುದ್ದಕ್ಕಿಂತ ಒಂದು ಗೇಣು ಮೇಲೆ ಬರುತ್ತಲೇ ನಿಲ್ಲಿಸಿಬಿಟ್ಟಿದ್ದರು. ಇಟ್ಟಿಗೆ ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ಕೇಳಿದವರಿಲ್ಲ. ಈ ಕಡೆಯ ಪೋರ್ಷನ್ ನಮ್ಮದು. ಒಂದು ನಡುಮನೆ, ಒಂದು ಅಡಿಗೆಮನೆ, ಅಷ್ಟೇ. ಆ ಕಡೆಯದು ಮಾದೇವಮ್ಮನವರದು. ಹಿತ್ತಿಲು, ಬಚ್ಚಲು, ಬಟ್ಟೆ ಒಗೆಯುವ ಕಲ್ಲು ಎರಡೂ ಮನೆಗೆ ಸೇರಿದ್ದು. ಅವರು ಬಸ್ಸಾರಿಗೆ ಒಗ್ಗರಣೆ ಹಾಕಿದರೆ ನಮ್ಮಜ್ಜಿ ಸೀನುತ್ತಿದ್ದರು. ನಮ್ಮಜ್ಜಿ “ಶಿವಾ” ಎಂದು ಆಕಳಿಸಿದರೆ ಆ ಕಡೆಯಿಂದ ಮಾದೇವಮ್ಮನವರ ಯಜಮಾನರು “ಶಿವಶಿವಾ” ಎಂದು ಮುಗಿಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅವರದು ಬಾಳೆಹಣ್ಣಿನ ಅಂಗಡಿ. ಚಿಕ್ಕಯ್ಯನಛತ್ರದ ಕಡೆಯ ತೋಟಗಳಿಂದ ಬಂದ ಗೊನೆಗಳು ಆ ಮನೆಯ ತೊಲೆಗೆ ನೇತಾಡಿಕೊಂಡು ಹಣ್ಣಾಗುವಾಗ ನಮ್ಮ ಹಾಸಿಗೆಗೂ ಅದರ ವಾಸನೆ ಹತ್ತುತ್ತಿತ್ತು. ನಮ್ಮ ನಡುಮನೆಯ ಒಳಗೋಡೆಯಲ್ಲಿ ಮೂರು ಗೂಡುಗಳಿದ್ದವು. ನಡುವಿನದು ದೇವರದು. ಅದಕ್ಕೆ ಮುಖ ಮಾಡಿ ಕೂತರೆ ಬೀದಿಬಾಗಿಲು ಎಡಕ್ಕೆ, ಆ ಅರ್ಧಗೋಡೆ ಬಲಕ್ಕೆ.

ಬೆಳಿಗ್ಗೆ ದೀಪ ಹಚ್ಚಿ ಕೂತಾಗ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ದೊಡ್ಡವನ್ನು ಎಲ್ಲರೂ ನೆನೆಯುತ್ತಾರೆ. ನಾನು ಚಿಕ್ಕವನ್ನು ಬಿಡುವುದಿಲ್ಲ. ಹಾಲು ಉಕ್ಕುವ ಮೊದಲು ಕಣ್ಣಿಗೆ ಬಿದ್ದದ್ದು, ಮಳೆ ಬರುವ ಹೊತ್ತಿಗೆ ಹಪ್ಪಳ ಒಣಗಿದ್ದು, ಇಂಥವೇ. ಸೂರು ಮುಟ್ಟದ ಆ ಗೋಡೆ ಆ ಸಾಲಿನಲ್ಲಿ ಬಹಳ ಮುಂದೆ ಇದೆ. ಮಾಲೀಕರು ಇನ್ನೊಂದು ಗಾಡಿ ಇಟ್ಟಿಗೆ ತರಿಸಿದ್ದರೆ ನಾನು ಈ ಸಾಲುಗಳನ್ನು ಬರೆಯುವಷ್ಟು ಅಕ್ಷರ ಕಲಿಯುತ್ತಿರಲಿಲ್ಲ. ಹೇಗೆ ಎಂದು ಹೇಳುತ್ತೇನೆ.

ಆಗ ನಾನು ಎರಡನೇ ಕ್ಲಾಸಿನಲ್ಲಿ ಎರಡನೇ ವರ್ಷ ಕೂತಿದ್ದೆ. ನಮ್ಮಪ್ಪ ತಾಂಡವಪುರದ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರು. ದಿನಾ ಬೆಳಿಗ್ಗೆ ನನ್ನನ್ನು ನಮ್ಮೂರ ಸ್ಕೂಲಿಗೆ ಬಿಟ್ಟು ಅಲ್ಲಿಂದ ಬಸ್ಸು ಹತ್ತುತ್ತಿದ್ದರು. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸುವ ಮೇಷ್ಟ್ರ ಮಗಳೇ ದಡ್ಡಿ ಎಂಬುದು ಅವರಿಗೆ ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗಿತ್ತು. ಯಾರಿಗೂ ತೋರಿಸುವಂತಿಲ್ಲ, ಹೆಜ್ಜೆ ಇಟ್ಟಾಗೆಲ್ಲ ನೋವು. ನಮ್ಮ ಕ್ಲಾಸಿನ ಮೇಡಂ ಒಳ್ಳೆಯವರೇ. ಒಂದು ಸಂಜೆ ಮನೆಗೇ ಬಂದು, ಅಮ್ಮ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು.

“ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಹುಡುಗಿ ಕೆಟ್ಟವಳಲ್ಲ. ಆದ್ರೆ ನಾನೊಂದು ಕೇಳಿದ್ರೆ ಅವಳೊಂದು ಹೇಳ್ತಾಳೆ. ಒಂದೊಂದು ಸಲ ಕರೆದ್ರೂ ಸುಮ್ನೆ ಕೂತಿರ್ತಾಳೆ. ಇನ್ನೊಂದು ವರ್ಷ ಕೂರಿಸಿ ಏನು ಪ್ರಯೋಜನ?”

ಅದಾದ ಒಂದು ವಾರಕ್ಕೆ ಮನೆಯಲ್ಲಿ ತೀರ್ಮಾನವಾಯಿತು. ತಿ. ನರಸೀಪುರದಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ ಇದ್ದರು. ಅವರಿಗೆ ಹೆಣ್ಣುಮಕ್ಕಳಿಲ್ಲ, ಮನೆ ತುಂಬ ಜನ. ನಾನು ಅಲ್ಲಿದ್ದು ಕೆಲಸ ಬೊಗಸೆ ಕಲಿಯಲಿ, ಓದು ಇವಳಿಗೆ ಒಗ್ಗುವುದಿಲ್ಲ ಎಂದು ಅಜ್ಜಿ ಅಂದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಮ್ಮ ನನ್ನ ಎರಡು ಲಂಗ, ಒಂದು ಜೊತೆ ಹೊಸ ರಿಬ್ಬನ್ನು ಚೀಲಕ್ಕೆ ಹಾಕಿ ಗೂಟಕ್ಕೆ ನೇತುಹಾಕಿದರು. ಅಮ್ಮನ ತಮ್ಮ ಸೋಮು ಮಾವ ನರಸೀಪುರದಿಂದ ಬರುವವನಿದ್ದ. ಹೋಗುವಾಗ ನನ್ನನ್ನು ಕರೆದುಕೊಂಡು ಹೋಗಬೇಕು. ಸ್ಲೇಟನ್ನು ಚೀಲಕ್ಕೆ ಹಾಕುತ್ತಾರೋ ಇಲ್ಲವೋ ಎಂದು ನಾನು ಮೂರು ದಿನ ಕಾದೆ. ಹಾಕಲಿಲ್ಲ. ಆಗ ನನಗೆ ಅರ್ಥವಾಯಿತು.

ಆ ದಿನಗಳಲ್ಲಿ ಅಮ್ಮನಿಗೂ ಮಾದೇವಮ್ಮನಿಗೂ ಮಾತಿರಲಿಲ್ಲ. ಅದಕ್ಕೂ ಕಾರಣ ನಾನೇ. ಮಾದೇವಮ್ಮ ಗೋಡೆಯ ಆಚೆಯಿಂದ “ಪುಟ್ಟೀ, ಎಲ್ಡೆಸ್ಳು ಕರಿಬೇವು ಕೊಡವ್ವ” ಎಂದು ಕೂಗಿದಾಗ ನಾನು ಎದ್ದು ಬೀದಿಬಾಗಿಲಿಗೆ ಹೋಗಿ ಹೊರಗೆ ನೋಡುತ್ತಾ ನಿಲ್ಲುತ್ತಿದ್ದೆನಂತೆ. ಒಂದು ಸಲವಲ್ಲ, ಪ್ರತಿ ಸಲವೂ. ಸ್ಟೂಲು ಹತ್ತಿ ಗೋಡೆಯ ಮೇಲಿಂದ ಇಣುಕಿ ಅದನ್ನು ಕಂಡ ಆಕೆ ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಅಮ್ಮನನ್ನು ಹಿಡಿದುಕೊಂಡರು.

“ನಿಮ್ ಮಗ್ಳು ನಾನು ಕರುದ್ರೆ ಮೂತಿ ತಿರುವ್ಕೊಂಡು ಬೀದಿಗೋಯ್ತಳೆ. ನಾವೇನು ಬಿಕ್ಸೆ ಬೇಡಾಕೆ ಬಂದಿದ್ದೀವಾ?”

“ನನ್ನ ಮಗಳು ದಡ್ಡಿ ಇರಬಹುದು ಮಾದೇವಮ್ಮ, ಕೊಬ್ಬು ಇಲ್ಲ ಅವಳಿಗೆ.”

“ಎಲ್ಡೂ ಒಟ್ಗೆ ಇರಬವುದು ಕಣವ್ವ.”

ಅಂದಿನಿಂದ ಎರಡು ತಿಂಗಳು ಕರಿಬೇವು ಗೋಡೆ ದಾಟಲಿಲ್ಲ. ಅಡಿಗೆಯ ವಾಸನೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿಕೊಂಡಿತ್ತು.

ಸೋಮು ಮಾವ ಶುಕ್ರವಾರ ಸಂಜೆ ಬಂದ. ನರಸೀಪುರದಲ್ಲಿ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವನು ಅಲ್ಲಿಯ ಹಳೇ ಸಾಮಾನುಗಳನ್ನೇ ಕೂಡಿಸಿ ಒಂದು ಟೇಪ್ ಸೆಟ್ ತಯಾರಿಸಿದ್ದ. ಅಜ್ಜಿಗೆ ಮಂಡಿನೋವು ಬಂದು ದೇವಸ್ಥಾನಕ್ಕೆ ನಡೆಯುವುದು ನಿಂತಿತ್ತು. ಕಾರ್ತಿಕ ಮಾಸದ ಸೋಮವಾರಕ್ಕೆ ಮನೆಯಲ್ಲೇ ಶಿವನ ಹಾಡು ಕೇಳಿಸುತ್ತೇನೆ ಎಂದು ಮಾವ ಮಾತು ಕೊಟ್ಟಿದ್ದ. ಸೆಟ್ಟಿನ ಜೊತೆ ಒಂದು ಬಿದಿರಿನ ಬುಟ್ಟಿ, ಅದರೊಳಗೆ ಹುಲ್ಲಿನ ನಡುವೆ ಎರಡು ಹೊಸ ಮಡಕೆ. ಮರದ ಪೆಟ್ಟಿಗೆ ಮಾಡಿಸಲು ಆಗದವರು ಆಗ ಸ್ಪೀಕರನ್ನು ಮಡಕೆಯ ಬಾಯಿಗೆ ಕೂರಿಸುತ್ತಿದ್ದರು. ಮಡಕೆಯ ಹೊಟ್ಟೆಯೊಳಗೆ ಸದ್ದು ತಿರುಗಿ ಗುಮ್ಮೆಂದು ದಪ್ಪವಾಗಿ ಬರುತ್ತದೆ. ಮಾವ ನರಸೀಪುರದ ಸಂತೆಯಲ್ಲಿ ಬೆರಳಿನಿಂದ ತಟ್ಟಿ ತಟ್ಟಿ, ಒಂದೇ ಥರ ದನಿ ಕೊಡುವ ಎರಡನ್ನು ಆರಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿ ಅಡ್ಡ ಬಂದರು.

“ನಿಲ್ಲೋ ಸೋಮು. ಶುಕ್ರವಾರ ಸಂಜೆ ಖಾಲಿ ಮಡಕೆ ಒಳಗೆ ತರ್ತೀಯಾ?”

“ಅತ್ತೇ, ಇದು ಅಡಿಗೆ ಮಡಕೆ ಅಲ್ಲ, ಸ್ಪೀಕರ್ ಮಡಕೆ.”

“ಮಡಕೆ ಮಡಕೇನೇ.”

ಮಾವ ಚಪ್ಪಲಿ ಬಿಡಲು ಬಗ್ಗಿದ್ದೇ ತಡ, ಅಜ್ಜಿ ಒಂದು ಮಡಕೆಗೆ ಅರಿಶಿನ ಕುಂಕುಮ ಇಟ್ಟು ತಂಬಿಗೆಯ ನೀರನ್ನು ಪೂರ್ತಿ ಸುರಿದುಬಿಟ್ಟರು. ಎರಡನೆಯದಕ್ಕೆ ಸುರಿಯುವ ಮೊದಲು ಮಾವ ಹಾರಿ ಬಂದು ಕೈ ಹಿಡಿದ. ಅದು ಸರಿಯಾಗಿ ಸುಡದ ಮಡಕೆ, ನೀರು ಕುಡಿದು ಕೆಂಪಗಾಯಿತು. ಒಳಗೆ ಥಂಡಿ ಇದ್ದರೆ ಸ್ಪೀಕರಿನ ಕಾಗದ ಮೆತ್ತಗಾಗಿ ಸದ್ದು ಹೋಗುತ್ತದೆ ಎಂದು ಅವನು ತಲೆ ತಲೆ ಚಚ್ಚಿಕೊಂಡ. ಮಾರನೇ ದಿನ ಮಧ್ಯಾಹ್ನದವರೆಗೆ ಆ ಮಡಕೆ ಹಿತ್ತಿಲಿನಲ್ಲಿ ಬೋರಲಾಗಿ ಬಿಸಿಲು ಕಾಯಿಸಿಕೊಂಡಿತು. ಅಜ್ಜಿ ಅದರ ಪಕ್ಕದಲ್ಲೇ ಕೂತು ಕಾಗೆ ಓಡಿಸಿದರು. ತಮ್ಮಿಂದ ಏನಾದರೂ ಕೆಟ್ಟಿತೇನೋ ಎಂಬ ದಿಗಿಲು ಅವರ ಮುಖದಲ್ಲಿತ್ತು.

ಶನಿವಾರ ಮಧ್ಯಾಹ್ನ ಕೂರಿಸುವ ಕೆಲಸ ಶುರುವಾಯಿತು. ದೇವರ ಗೂಡಿನ ಆಚೀಚೆಯ ಎರಡು ಗೂಡುಗಳಲ್ಲಿ ಎರಡು ಮಡಕೆ. ಒಣ ಮಡಕೆ ಎಡಕ್ಕೆ, ನೀರು ಕುಡಿದದ್ದು ಬಲಕ್ಕೆ. ಸೆಟ್ ಎಲ್ಲಿಡುವುದು ಎನ್ನುವುದೇ ದೊಡ್ಡ ಪ್ರಶ್ನೆ. ನಮ್ಮ ಕಡೆ ಇದ್ದದ್ದು ಎರಡು ಬಲ್ಬು ಮಾತ್ರ. ಪ್ಲಗ್ ಪಾಯಿಂಟ್ ಇದ್ದದ್ದು ಮಾದೇವಮ್ಮನವರ ಕಡೆ, ಅದೂ ಗೋಡೆಯ ತುದಿಗೆ. ವೈರು ಗಿಡ್ಡ. ಅಮ್ಮ ಹಟದಲ್ಲಿ “ಅವರ ಕರೆಂಟು ನಮಗೆ ಬೇಡ” ಅಂದರು. ಮಾವ ಕೇಳಲಿಲ್ಲ, ಆ ಕಡೆ ಹೋಗಿ ಅದೇನು ಹೇಳಿದನೋ, ಮಾದೇವಮ್ಮ ನಕ್ಕದ್ದು ನಮಗೆಲ್ಲ ಕೇಳಿಸಿತು.

“ನಿಮ್ಮಕ್ಕಂಗೆ ಏಳಪ್ಪ, ಕರೆಂಟ್ಗೆ ಮೂತಿ ಇಲ್ಲ, ತಿರುವ್ಕೊಳಾಕೆ ಬರಕಿಲ್ಲ ಅಂತ. ಆಕ್ಕೋ ಓಗು.”

ಹಾಗಾಗಿ ಸೆಟ್ ಅರ್ಧಗೋಡೆಯ ತಲೆಯ ಮೇಲೆ ಕೂತಿತು. ಸ್ವಿಚ್ಚು ಅವರದು, ಸದ್ದು ನಮ್ಮದು. ಮಾವ ಆ ಕಡೆ ಸ್ಟೂಲಿನ ಮೇಲೆ ನಿಂತರೆ ಗೋಡೆಯ ಮೇಲೆ ಅವನ ಮುಖ, ಅದರ ಪಕ್ಕ ಸೆಟ್ಟು. ಎರಡಕ್ಕೂ ಒಂದೇ ಅಗಲ. ಸಿನಿಮಾ ಹಾಡಿನಿಂದ ಪರೀಕ್ಷೆ ಮಾಡಲು ಅಜ್ಜಿ ಒಪ್ಪಲಿಲ್ಲ. ಮನೆಗೆ ಬಂದ ಸೆಟ್ಟಿನಲ್ಲಿ ಮೊದಲ ಹಾಡು ಶಿವನದೇ ಆಗಬೇಕು, ಅದೂ ಸೋಮವಾರವೇ. ಅಷ್ಟರತನಕ ಮಾತು ಬೇಕಾದರೆ ಆಗಬಹುದು. ಮಾವನಿಗೆ ಇದು ಮೊದಲೇ ಗೊತ್ತಿದ್ದು, ಅಂಗಡಿಯಲ್ಲಿ ಕೂತು ತನ್ನ ದನಿಯನ್ನೇ ಒಂದು ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದಿದ್ದ. “ಎಡ” ಎನ್ನುವ ಮಾತು ಎಡಗಡೆಯ ಸ್ಪೀಕರಿನಲ್ಲಿ ಮಾತ್ರ, “ಬಲ” ಎನ್ನುವುದು ಬಲಗಡೆಯದರಲ್ಲಿ ಮಾತ್ರ ಬರಬೇಕು. ಎಡ, ಬಲ, ಎಡ, ಬಲ, ಒಂದು ಬದಿ ಪೂರ್ತಿ ಅಷ್ಟೇ. ಅಪ್ಪ ಸ್ಕೂಲಿನ ಯಾವುದೋ ಕೆಲಸಕ್ಕೆ ಹೋಗಿದ್ದರು, ಅಮ್ಮನ ಕೈ ರುಬ್ಬುವ ಕಲ್ಲಿನಲ್ಲಿತ್ತು, ಅಜ್ಜಿಗೆ ಕಿವಿ ಮಂದ. ಕೇಳಿ ಹೇಳಲು ಉಳಿದವಳು ನಾನು.

“ದೇವರ ಕಡೆ ಮುಖ ಮಾಡಿ ನೆಟ್ಟಗೆ ನಿಂತ್ಕೋ ಪುಟ್ಟಿ. ತಲೆ ಅಲ್ಲಾಡಿಸಬೇಡ. ಎಲ್ಲಿಂದ ಬರುತ್ತೆ ಹೇಳು.”

“ಎಡ” ಎಂದಿತು ಮಾವನ ದನಿ. ನಾನು ಎಡಗಡೆಗೆ ಕೈ ತೋರಿಸಿದೆ.

“ಬಲ” ಎಂದಿತು. ನಾನು ಮತ್ತೆ ಎಡಗಡೆಗೇ ತೋರಿಸಿದೆ.

“ಏಯ್, ಸರಿಯಾಗಿ ಕೇಳು.”

“ಎಡಗಡೇದೇ ‘ಬಲ’ ಅಂತಾ ಇದೆ ಮಾವ. ಸಣ್ಣಗೆ.”

ಮಾವ ಈ ಕಡೆ ಬಂದು ವೈರುಗಳನ್ನು ಅದಲು ಬದಲು ಮಾಡಿ ಮತ್ತೆ ಆ ಕಡೆ ಹೋದ. ಈಗ ಬಲಗಡೆಯ ಮಡಕೆ “ಎಡ” ಅನ್ನಬೇಕು. ನನಗೆ ಅದೂ ಎಡಗಡೆಯಿಂದಲೇ ಬಂತು. ಹೇಳಿದೆ. ಕೊನೆಗೆ ಒಂದೊಂದು ಮಡಕೆಗೆ ಕಿವಿ ಕೊಟ್ಟು ನೋಡು ಎಂದ. ನಡುವೆ ನಿಂತವಳು ಈ ಕಡೆ ವಾಲಿ ಎಡಗಿವಿಯನ್ನು ಎಡದ ಮಡಕೆಗೆ ಕೊಟ್ಟೆ, ದನಿ ಕಿವಿಯೊಳಗೇ ಬಂದು ಕೂತಿತು. ಆ ಕಡೆ ವಾಲಿ ಬಲಗಿವಿಯನ್ನು ಬಲದ ಮಡಕೆಗೆ ಕೊಟ್ಟೆ. ಕೆನ್ನೆಯ ಮೇಲೆ ಇರುವೆ ಹರಿದ ಹಾಗೆ ಝುಂ ಎಂದಿತೇ ಹೊರತು ಮಾತು ಬರಲಿಲ್ಲ. ಎಲ್ಲೋ ದೂರದ ಮನೆಯಲ್ಲಿ ಯಾರೋ ಮಾತಾಡಿದ ಹಾಗಿತ್ತು.

“ಬಲಗಡೇದು ಬರ್ತಿಲ್ಲ ಮಾವ.”

ಮಾವ ಬಂದು ತಾನೇ ಕಿವಿ ಇಟ್ಟ. ಅವನಿಗೆ ಬಂತು. ಆ ಕಡೆ ಹೋದ, ನನ್ನನ್ನು ಕೇಳಿದ, ನನಗೆ ಬರಲಿಲ್ಲ. ಮತ್ತೆ ಬಂದ, ಅವನಿಗೆ ಬಂತು. ಹೀಗೆ ಅವನು ಬೀದಿ ಸುತ್ತಿ ಸುತ್ತಿ ನಾಲ್ಕು ಸಲ ಓಡಾಡಿದ ಮೇಲೆ ಅವನಿಗೆ ತಿಳಿದಿದ್ದ ಮಾತು ಒಂದೇ.

“ಲೂಸ್ ಕಾಂಟ್ಯಾಕ್ಟ್ ಕಣಕ್ಕ. ನಾನಿದ್ದಾಗ ಸರಿ ಇರುತ್ತೆ, ಆ ಕಡೆ ಹೋದ ತಕ್ಷಣ ಬಿಟ್ಕೊಳ್ಳುತ್ತೆ.”

“ನಾನು ನೀರು ಹಾಕಿದ್ದಕ್ಕೆ ಅಲ್ವೇನೋ?” ಎಂದು ಅಜ್ಜಿ ಹತ್ತನೇ ಸಲ ಕೇಳಿದರು.

“ಇಲ್ಲ ಅತ್ತೆ, ಇದು ಲೂಸ್ ಕಾಂಟ್ಯಾಕ್ಟೇ,” ಎಂದು ಮಾವ ಹತ್ತನೇ ಸಲ ಹೇಳಿದ.

ಕೆಂಡದಲ್ಲಿ ಕಾಯಿಸಿದ ಕಡ್ಡಿಯಿಂದ ಸೀಸ ಕರಗಿಸಿ ಬೆಸೆದ, ಬಿಚ್ಚಿದ, ಮತ್ತೆ ಬೆಸೆದ. ಅಷ್ಟರಲ್ಲಿ ಕತ್ತಲಾಯಿತು. ಈ ಜಾಗದಲ್ಲಿ ನಾನೊಂದು ನಿಜ ಹೇಳಿಬಿಡಬೇಕು. ಸೆಟ್ ಸರಿಯಾದ ಮೇಲೆಯೇ ಮಾವ ಊರಿಗೆ ಹೊರಡುವುದು. ಮಾವ ಹೊರಟರೆ ನಾನೂ ಹೊರಡಬೇಕು. ಬಲಗಡೆಯದು ಬರುತ್ತಿಲ್ಲ ಎಂದು ಹೇಳಿದಾಗೆಲ್ಲ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಗೂಟದ ಮೇಲಿನ ಚೀಲವನ್ನು ಒಂದು ಸಲ ನೋಡಿ, ಮಡಕೆಯನ್ನು ಒಂದು ಸಲ ನೋಡುತ್ತಿದ್ದೆ. ಸುಳ್ಳು ಹೇಳಲಿಲ್ಲ. ಆದರೆ ಹಾಗೇ ಇರಲಪ್ಪಾ ಎಂದು ನಂಜುಂಡೇಶ್ವರನನ್ನು ಬೇಡಿಕೊಂಡೆ. ಅಜ್ಜಿ ಸರಿಹೋಗಲಿ ಎಂದು ಬೇಡಿಕೊಳ್ಳುತ್ತಿದ್ದ ಮಡಕೆಯ ಬಗ್ಗೆ ನಾನು ಪಕ್ಕದಲ್ಲೇ ನಿಂತು ಹೀಗೆ ಬೇಡಿಕೊಂಡೆ.

ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ಕೈ ತೊಳೆದ ಮಾವ ಹೊಸ ಉಪಾಯ ಮಾಡಿದ. ಎರಡು ಮಡಕೆಗಳನ್ನೂ ಇಳಿಸಿ, ಒಣ ಮಡಕೆಯನ್ನು ಅದರ ಸ್ಪೀಕರ್ ಸಮೇತ ಬಲಗಡೆ ಇಟ್ಟ. ನೀರು ಕುಡಿದದ್ದನ್ನು ಎಡಕ್ಕೆ ತಂದ. ಈಗ ದೋಷ ಮಡಕೆಯದಾದರೆ ಎಡಗಡೆಯ ಸದ್ದು ನಿಲ್ಲಬೇಕು. ಅಪ್ಪನೂ ಅಂದು ಮನೆಯಲ್ಲಿದ್ದರು. ನಾನು ನಡುವೆ ನಿಂತೆ. ಮಾವ ಆ ಕಡೆಯಿಂದ ಹಾಕಿದ. ಎಡಗಿವಿಗೆ ನೀರಿನ ಮಡಕೆ ಗುಂಯ್ ಎಂದು ಚೆನ್ನಾಗಿ ಮಾತಾಡಿತು. ಬಲಗಿವಿಗೆ ಒಣ ಮಡಕೆ ಬರೀ ಇರುವೆ ಹರಿಸಿತು.

“ಬಲಗಡೇದು ಬರ್ತಿಲ್ಲ ಮಾವ.”

ಗೋಡೆಯ ಮೇಲಿನ ಮಾವನ ಮುಖದಲ್ಲಿ ನಗು ಆರಿಹೋಯಿತು.

“ಅಕ್ಕ, ಬೇಜಾರು ಮಾಡ್ಕೋಬೇಡ. ಮಗು ಸುಳ್ಳು ಹೇಳ್ತಾ ಇದೆ. ನಿನ್ನೆ ಕೆಟ್ಟಿದ್ದ ಮಡಕೆ ಇವತ್ತು ಎಡಗಡೆ ಬಂದು ಸರಿಹೋಯ್ತಾ? ಇವಳಿಗೆ ನನ್ನ ಜೊತೆ ಬರೋಕೆ ಇಷ್ಟ ಇಲ್ಲ, ಅಷ್ಟೇ.”

ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಹೋಗಲು ಒಲ್ಲೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡು ದಿನದಿಂದ ನಾನು ಅನ್ನಕ್ಕೆ ಕೈ ಹಾಕಿ ಸುಮ್ಮನೆ ಕೂರುತ್ತಿದ್ದುದನ್ನು ಕಂಡಿದ್ದರು. ಅಪ್ಪ ಪೇಪರ್ ಮಡಚಿಟ್ಟು ಎದ್ದು ಬಂದರು. ಕೈ ಎತ್ತುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಎತ್ತಲಿಲ್ಲ. ದೇವರ ಗೂಡಿನ ಮುಂದೆ ಉರಿಯುತ್ತಿದ್ದ ದೀಪವನ್ನು ತೋರಿಸಿದರು.

“ದೀಪ ಮುಟ್ಟಿ ಹೇಳು.”

ನಮ್ಮ ಮನೆಯಲ್ಲಿ ದೀಪ ಮುಟ್ಟಿ ಯಾರೂ ಸುಳ್ಳು ಹೇಳಿರಲಿಲ್ಲ. ಅದು ಹೇಗಿರುತ್ತದೆ ಎಂದು ಯೋಚಿಸಿದವರೂ ಇರಲಿಲ್ಲ. ನಾನು ಕಂಚಿನ ದೀಪದ ಕಾಲನ್ನು ಎರಡು ಬೆರಳಿನಿಂದ ಮುಟ್ಟಿದೆ. ಎಣ್ಣೆ ಸೋರಿ ಜಿಡ್ಡಾಗಿತ್ತು. “ಬಲಗಡೇದು ಬರ್ತಿಲ್ಲ ಅಪ್ಪ,” ಅಂದೆ. ಅಜ್ಜಿ ಕೈಲಿದ್ದ ಜಪಸರವನ್ನು ಕಣ್ಣಿಗೆ ಒತ್ತಿಕೊಂಡರು. ಕ್ಯಾಸೆಟ್ಟು ಇನ್ನೂ ಎಡ, ಬಲ, ಎಡ, ಬಲ ಅನ್ನುತ್ತಾ ಇತ್ತು. ಗೋಡೆಯ ಮೇಲೆ ಮಾವನನ್ನು ಪಕ್ಕಕ್ಕೆ ತಳ್ಳಿಕೊಂಡು ಮಾದೇವಮ್ಮನ ಮುಖ ಎದ್ದು ಬಂತು.

“ಮೇಷ್ಟ್ರೇ, ಎಲ್ಡೂ ಬತ್ತಾ ಅವೆ. ನೆನ್ನೆಯಿಂದ ಎಡ ಬಲ, ಎಡ ಬಲ ಅಂತ ಕೇಳಿ ಕೇಳಿ ನನ್ ತಲೆ ಚಿಟ್ಟಿಡ್ದೋಗದೆ. ಆದ್ರೆ ಮಗೀನೂ ಸುಳ್ಳು ಏಳ್ತಿಲ್ಲ.”

“ಎರಡೂ ಹೆಂಗಕ್ಕ ನಿಜ ಆಗುತ್ತೆ?” ಎಂದ ಮಾವ.

“ಇರು, ಬತ್ತೀನಿ.”

ಎರಡು ತಿಂಗಳ ಮೇಲೆ ಮಾದೇವಮ್ಮ ನಮ್ಮ ಹೊಸ್ತಿಲು ದಾಟಿದರು. ಬಾಳೆಹಣ್ಣಿನ ವಾಸನೆಯ ದೊಡ್ಡ ಅಂಗೈ ಅವರದು. ನನ್ನ ಹಿಂದೆ ಕೂತು, ಆ ಅಂಗೈಯಿಂದ ನನ್ನ ಎಡಗಿವಿಯನ್ನು ಗಟ್ಟಿಯಾಗಿ ಮುಚ್ಚಿದರು. ಇದ್ದಕ್ಕಿದ್ದ ಹಾಗೆ ಮನೆಯ ತುಂಬ ನೀರು ನಿಂತಂತಾಯಿತು. ಮಡಕೆಗಳು ಮುಳುಗಿದವು, ಬೀದಿ ಮುಳುಗಿತು. ಅಮ್ಮನ ತುಟಿ ಅಲ್ಲಾಡುತ್ತಿತ್ತು, ಮಾತಿರಲಿಲ್ಲ. ನನ್ನ ಬಲಗೆನ್ನೆಗೆ ಮಾದೇವಮ್ಮನ ಬಿಸಿಯುಸಿರು ತಾಕಿತು. ಏನೋ ಹೇಳುತ್ತಿದ್ದಾರೆ ಎಂದುಕೊಂಡೆ. ನಾನು ದೀಪವನ್ನೇ ನೋಡುತ್ತಾ ನಿಂತಿದ್ದೆ. ಎಲ್ಲರೂ ನನ್ನ ಮುಖವನ್ನೇ ಏಕೆ ನೋಡುತ್ತಿದ್ದಾರೆ, ಅಮ್ಮ ಬಾಯಿಗೆ ಸೆರಗು ಏಕೆ ಇಟ್ಟುಕೊಂಡರು ಎಂದು ಗೊತ್ತಾಗಲಿಲ್ಲ. ಆಮೇಲೆ ಮಾದೇವಮ್ಮ ಅಂಗೈ ತೆಗೆದು ಎಡಗಿ‌ವಿಗೆ ಬಾಯಿಟ್ಟು ಅದೇ ಮಾತನ್ನು ಅಷ್ಟೇ ಮೆಲ್ಲಗೆ ಇನ್ನೊಂದು ಸಲ ಹೇಳಿದರು.

“ನೀನು ನರಸೀಪುರಕ್ಕೆ ಓಗಬ್ಯಾಡ ಕಣವ್ವ. ಇಲ್ಲೇ ಇದ್ದು ಓದ್ಕೋ.”

ನಾನು ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದೆ. ಯಾವ ಮಾತು ಕೇಳಬೇಕೆಂದು ಮೂರು ದಿನದಿಂದ ಜೀವ ಹಿಡಿದುಕೊಂಡಿದ್ದೆನೋ ಆ ಮಾತು ನನ್ನ ಬಲಗಿವಿಯ ಹತ್ತಿರವೇ ಬಂದು ಒಳಕ್ಕೆ ದಾರಿಯಿಲ್ಲದೆ ವಾಪಸು ಹೋಗಿತ್ತು. ಮುಖ ಒಂದು ಚೂರೂ ಅಲುಗಿರಲಿಲ್ಲವಂತೆ. ಅದಕ್ಕಿಂತ ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

“ನೋಡುದ್ರಾ?” ಎಂದರು ಮಾದೇವಮ್ಮ. “ಈ ಕಿವಿ ಇಲ್ಲ ಮಗೀಗೆ. ಅದ್ಕೇ ನಾನು ಗ್ವಾಡೆ ಕಡೆಯಿಂದ ಕೂಗುದ್ರೆ ಬೀದಿ ಕಡೆಗೋಯ್ತಿತ್ತು. ಕೇಳ್ಸೋ ಕಿವಿ ಯಾವ ಕಡೆ ಅದೋ ಆ ಕಡೇನೇ ಕರುದ್ರು ಅಂದ್ಕತಿತ್ತು. ನಾನು ಮೂತಿ ತಿರುವ್ಕತಳೆ ಅಂದ್ಬುಟ್ಟೆ. ನನ್ ಬಾಯಿಗಿಷ್ಟು ಬೆಂಕಿ ಆಕ.”

ಅಮ್ಮ ಬಂದು ಅವರ ಎರಡೂ ಕೈ ಹಿಡಿದುಕೊಂಡರು. “ಹೆತ್ತವಳು ನಾನು, ನನಗೇ ಗೊತ್ತಾಗಲಿಲ್ಲ ಮಾದೇವಮ್ಮ, ನಿಮ್ಮ ಬಾಯಿಗ್ಯಾಕೆ ಬೆಂಕಿ,” ಎಂದರು. ಅಜ್ಜಿಗೆ ಆಗ ಎಲ್ಲ ನೆನಪಾಯಿತು. ನನಗೆ ವರ್ಷ ತುಂಬುವ ಮೊದಲು ಆ ಕಿವಿ ತಿಂಗಳುಗಟ್ಟಲೆ ಸೋರಿತ್ತಂತೆ. ಒಣಗಿದರೆ ಬೆಳ್ಳಿಯ ಕಿವಿ ಒಪ್ಪಿಸುತ್ತೇನೆ ಎಂದು ಅಜ್ಜಿ ಹರಕೆ ಹೊತ್ತರು. ಒಣಗಿತು. ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಬೆಳ್ಳಿಯ ತಗಡಿನ ಕಿವಿ ಕೊಂಡು ಹುಂಡಿಗೆ ಹಾಕಿ ಬಂದರು. ಒಣಗಿದ್ದನ್ನೇ ವಾಸಿಯಾಯಿತು ಎಂದುಕೊಂಡು ಆಮೇಲೆ ಯಾರೂ ಆ ಕಡೆ ನೋಡಿರಲಿಲ್ಲ.

“ಸೋರೋದು ನಿಲ್ಲಿಸಪ್ಪಾ ಅಂತ ಕೇಳಿದೆ, ನಿಲ್ಲಿಸಿದ,” ಎಂದರು ಅಜ್ಜಿ. “ಕೇಳಿಸೋ ಹಾಗೆ ಮಾಡು ಅಂತ ಕೇಳಲಿಲ್ಲ ನಾನು. ಕೇಳೋಕೆ ಬರಲಿಲ್ಲ ನನಗೆ.”

ಅಜ್ಜಿಯ ಆ ಮಾತನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ದೇವರ ಮೇಲೆ ದೂರಿಲ್ಲ. ಎರಡೂ ಸೋರಬಹುದಿತ್ತು. ಈಗಲೂ ಊಟದ ಪಂಕ್ತಿಯಲ್ಲಿ ಬಲತುದಿಯ ಎಲೆಗೆ ಹೋಗಿ ಕೂರುತ್ತೇನೆ, ಎಲ್ಲರೂ ಎಡಕ್ಕೆ ಸಿಗುತ್ತಾರೆ. ಬಲಕ್ಕೆ ಮಗ್ಗುಲಾಗಿ ಮಲಗಿದರೆ ಲೋಕ ನನಗೆ ಕೇಳುತ್ತದೆ, ಎಡಕ್ಕೆ ತಿರುಗಿದರೆ ಬೀದಿನಾಯಿಗಳೆಲ್ಲ ಒಟ್ಟಿಗೇ ಸುಮ್ಮನಾಗುತ್ತವೆ. ಇಂಥ ಅನುಕೂಲ ಎರಡು ಕಿವಿಯವರಿಗೆ ಎಲ್ಲಿಂದ ಬರಬೇಕು?

ಅಂದು ಅಪ್ಪ ಹೋಗಿ ಗೂಟದ ಚೀಲ ಇಳಿಸಿ, ಲಂಗಗಳನ್ನು ಒಂದೊಂದಾಗಿ ತೆಗೆದು, ಮಡಿಕೆ ಕೆಡದ ಹಾಗೆ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಗೋಡೆಯ ಕಡೆ ನೋಡದೆಯೇ ಹೇಳಿದರು.

“ಸೋಮು, ನಾಳೆ ನೀನೊಬ್ಬನೇ ಹೋಗು. ಇವಳ ದೊಡ್ಡಮ್ಮನಿಗೆ ನಾನು ಕಾಗದ ಬರೀತೀನಿ.”

ಮಾವನಿಗೆ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. ಸುಳ್ಳಿ ಎಂದದ್ದನ್ನು ಅವನು ಬಾಯಲ್ಲಿ ವಾಪಸು ತೆಗೆದುಕೊಳ್ಳಲಿಲ್ಲ, ಕೈಯಲ್ಲಿ ತೆಗೆದುಕೊಂಡ. ಅಂದು ಮಧ್ಯಾಹ್ನವೆಲ್ಲ ಕೂತು ಸೆಟ್ಟಿನ ಬೆನ್ನು ಬಿಚ್ಚಿ ಎಡ ಬಲಗಳ ಎರಡು ದಾರಿಗಳನ್ನೂ ಒಂದು ಮಾಡಿದ. ಇನ್ನು ಮೇಲೆ ಯಾವ ಹಾಡೂ ಅರ್ಧ ಆ ಕಡೆ, ಅರ್ಧ ಈ ಕಡೆ ಹಂಚಿಹೋಗುವುದಿಲ್ಲ. ಯಾವ ಮಡಕೆಯ ಮುಂದೆ ಕೂತರೂ ಪೂರ್ತಿ ಹಾಡು. ಆಮೇಲೆ ಬಲಗಡೆಯ ಮಡಕೆಯನ್ನು ಗೂಡಿನಿಂದ ಎತ್ತಿ ಗೋಡೆ ದಾಟಿಸಿ, ಮಾದೇವಮ್ಮನವರ ನಡುಮನೆಯಲ್ಲಿ ಕೂರಿಸಿದ. ಬೇಡ ಬೇಡ ಎನ್ನುತ್ತಲೇ ಆಕೆ ಅದಕ್ಕೊಂದು ಮಣೆ ಹುಡುಕಿ ತಂದರು. ಸೋಮವಾರ ಬೆಳಿಗ್ಗೆ ಆ ಕಡೆಯಿಂದ “ಸ್ವಿಚ್ ಆಕಿವ್ನಿ ಕಣವ್ವ” ಎಂಬ ಕೂಗು, ಈ ಕಡೆಯಿಂದ “ಒತ್ತಿದ್ದೀನಿ ಮಾದೇವಮ್ಮ” ಎಂಬ ಅಮ್ಮನ ಉತ್ತರ, ಎರಡು ಮನೆಗೂ ಒಂದೇ ಹಾಡು. ಅಜ್ಜಿ ಕಾಲು ಚಾಚಿ ಕೂತು ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದಾಗ ಆ ಕಡೆಯ ಯಜಮಾನರು “ಶಿವಶಿವಾ” ಎಂದರು. ಮಾವ ಹತ್ತು ಗಂಟೆಯ ಬಸ್ಸಿಗೆ ಒಬ್ಬನೇ ಹೋದ, ಖಾಲಿ ಬುಟ್ಟಿಯ ತುಂಬ ಮಾದೇವಮ್ಮ ಕೊಟ್ಟ ಬಾಳೆಹಣ್ಣು.

ಮುಂದಿನ ತಿಂಗಳು ಮೈಸೂರಿನ ಡಾಕ್ಟರು ಲೈಟು ಹಾಕಿ ನೋಡಿ, ಬಲಗಿವಿ ಬರುವುದಿಲ್ಲ, ಎಡಗಿವಿ ಗಟ್ಟಿಯಾಗಿದೆ, ಮುಂದಿನ ಸಾಲಿನಲ್ಲಿ ಕೂರಿಸಿ ಎಂದು ಹೇಳಿದರು. ನಮ್ಮ ಮೇಡಂ ಅಷ್ಟರೊಳಗೆ ನನ್ನ ಜಾಗ ಬದಲಾಯಿಸಿ ಆಗಿತ್ತು. ಎಡಗೋಡೆಗೆ ಅಂಟಿದ್ದ ಹುಡುಗಿಯರ ಸಾಲಿನಿಂದ ಎಬ್ಬಿಸಿ, ತಮ್ಮ ದನಿ ನನ್ನ ಎಡಗಿವಿಗೆ ಬೀಳುವ ಹಾಗೆ ಮೇಜಿನ ಪಕ್ಕ ಒಂದು ಮಣೆ ಹಾಕಿಸಿ, ನನ್ನನ್ನೊಬ್ಬಳನ್ನೇ ರಾಣಿಯ ಹಾಗೆ ಕೂರಿಸಿದ್ದರು. ಅದೆಲ್ಲ ಆಮೇಲಿನ ಮಾತು. ನನಗೆ ಉಳಿದಿರುವುದು ಮಾವ ಹೋದ ಮಾರನೇ ದಿನದ, ಆ ಮಂಗಳವಾರದ ಬೆಳಗು.

ಅಪ್ಪ ಎಂದಿನಂತೆ ನನ್ನನ್ನು ಸ್ಕೂಲಿಗೆ ಬಿಡಲು ಹೊರಟರು. ನಾವು ರಸ್ತೆಯ ಎಡಬದಿಯಲ್ಲಿ ನಡೆಯುವುದು, ಗಾಡಿ ಬಸ್ಸು ತಾಗದಿರಲಿ ಎಂದು ಅಪ್ಪ ಯಾವಾಗಲೂ ನನ್ನ ಬಲಕ್ಕೆ, ರಸ್ತೆಯ ಕಡೆ. ದಾರಿಯುದ್ದಕ್ಕೂ ಅವರು ಮಗ್ಗಿ ಕೇಳುತ್ತಿದ್ದರಂತೆ. ಎರಡು ವರ್ಷ, ದಿನಾ ಬೆಳಿಗ್ಗೆ, ಬಸ್ಸುಗಳ ಗದ್ದಲದಲ್ಲಿ, ತಗ್ಗಿದ ದನಿಯಲ್ಲಿ. ನಾನು ಉತ್ತರ ಕೊಡದೆ ನಡೆಯುತ್ತಿದ್ದೆ. ನನಗಾದರೋ ಅಪ್ಪ ಮಾತಾಡದೆ ನಡೆಯುವವರು ಎಂದೇ ಅನಿಸಿತ್ತು. ಆ ದಿನ ನಾಲ್ಕು ಹೆಜ್ಜೆ ಹೋದವರು ನಿಂತರು. ನನ್ನ ಕೈ ಹಿಡಿದು, ರಸ್ತೆ ದಾಟಿಸಿ, ಆ ಬದಿಗೆ ಕರೆದುಕೊಂಡು ಹೋಗಿ, ನನ್ನನ್ನು ಮನೆಗಳ ಕಡೆಗೆ ಬಿಟ್ಟು ತಾವು ನನ್ನ ಎಡಕ್ಕೆ ಬಂದರು.

“ಮೂರೊಂದ್ಲ?” ಎಂದು ಕೇಳಿದರು.

ಅಷ್ಟು ಹತ್ತಿರದಿಂದ ಅಪ್ಪನ ದನಿ ಕೇಳಿ ನನಗೆ ನಾಚಿಕೆಯಾಯಿತು. “ಮೂರು,” ಅಂದೆ.

“ಮೂರೆರಡ್ಲ?”

“ಆರು.”

ಮೂರರ ಮಗ್ಗಿ ಮುಗಿಯಿತು, ನಾಲ್ಕರದು ಮುಗಿಯಿತು. ಮನೆಯಲ್ಲಿ ಅಪ್ಪ ಟ್ಯೂಷನ್ ಹುಡುಗರಿಗೆ ಗಟ್ಟಿಯಾಗಿ ಹೇಳಿಸುತ್ತಿದ್ದುದು ನನಗೆ ಎಂದೋ ಬಾಯಿಪಾಠವಾಗಿತ್ತು, ಕೇಳಿದವರಿರಲಿಲ್ಲ. ಐದರದು ಶುರುವಾಯಿತು. ಐದೈದ್ಲ ಎಂದು ಅವರು ಕೇಳುವ ಮೊದಲೇ ನಾನು ಇಪ್ಪತ್ತೈದು ಅಂದೆ. ಸ್ಕೂಲಿನ ಗೇಟು ಬಂತು, ಅಪ್ಪ ನಿಲ್ಲಲಿಲ್ಲ. ಗೇಟು ದಾಟಿ, ಮರ ದಾಟಿ, ಇನ್ನೊಂದು ಬೀದಿಗೆ ತಿರುಗಿದೆವು. ತಾಂಡವಪುರದ ಬಸ್ಸು ನಮ್ಮ ಪಕ್ಕದಲ್ಲೇ ಹಾರನ್ ಮಾಡಿಕೊಂಡು ಹೋಯಿತು. ಒಂದು ದಿನವೂ ಬಸ್ಸು ತಪ್ಪಿಸಿಕೊಳ್ಳದ ನಮ್ಮಪ್ಪ ಅದರ ಕಡೆ ತಲೆ ಎತ್ತಿ ನೋಡಲೂ ಇಲ್ಲ.

“ಐದಾರ್ಲ?” ಎಂದರು.